ಅತ್ತೆಯ ಬಚ್ಚಲಿನ ಚಿಲಕ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಬ್ಯಾಂಕಿನಲ್ಲಿ ಸರ್ವರ್ ಡೌನ್ ಅಂತ ಒಂದು ಗಂಟೆ ಮುಂಚೆಯೇ ಮನೆಗೆ ವಾಪಸ್ ಬರುತ್ತೀರಿ. ಬಾಗಿಲು ತೆಗೆದರೆ ಎಪ್ಪತ್ತೆರಡು ವರ್ಷದ ಅತ್ತೆ ಹಾಲ್ ನಡುವೆ ನೆಲದ ಮೇಲೆ ಅಂಗಾತ ಬಿದ್ದಿದ್ದಾರೆ. ಪಕ್ಕದ ಸೋಫಾದಲ್ಲಿ ಕೆಳಗಿನ ಫ್ಲಾಟಿನ ಹೆಂಗಸು ಕಾಲ ಮೇಲೆ ಕಾಲು ಹಾಕಿಕೊಂಡು, ಕಾಫಿ ಕುಡಿಯುತ್ತಾ ಅವರನ್ನೇ ನೋಡುತ್ತಿದ್ದಾರೆ!

ನನಗಾಯಿತು. ಹೋದ ಮಂಗಳವಾರ, ವೈಜಾಗ್‌ನ ನಮ್ಮ ಮನೆಯಲ್ಲೇ.

ಕಿರುಚಿದೆ. ವಾಚ್‌ಮನ್ ಮೂರು ಮಹಡಿ ಹತ್ತಿ ಬರುವಷ್ಟು ಜೋರಾಗಿ ಕಿರುಚಿದೆ. ಬ್ಯಾಗ್ ಎಸೆದು ಓಡಿಹೋಗಿ ಅತ್ತೆಯ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದೆ.

"ಮೇಡಂ, ಮುಟ್ಟುಕೋಕಂಡಿ!" ಅಂತ ಸೋಫಾದ ಹೆಂಗಸು ಕೂಗಿದರು. ಮುಟ್ಟಬೇಡಿ ಅಂತೆ! ಬಿದ್ದ ಮುದುಕಿಯನ್ನು ಮುಟ್ಟಬಾರದಂತೆ!

ಅತ್ತೆಯೂ ಕೈ ಕೊಡವಿಕೊಂಡರು. "ಯಾಕ್ ಎತ್ತಿದಿ? ಎಣಸಾಕತ್ತಿದ್ನಿ. ಆರನೇದು ಕೆಡಿಸಿಬಿಟ್ಟೆಲ್ಲ!"

ಆರನೇದಾ? ಏನು ಆರನೇದು?

ಬೀಳುವುದು. ಅಲ್ಲ, ಮಲಗಿ ಏಳುವುದು. ಯಾರ ಕೈಯನ್ನೂ ಹಿಡಿಯದೆ, ಸೋಫಾದ ಅಂಚನ್ನೂ ಮುಟ್ಟದೆ, ನೆಲದಿಂದ ಎದ್ದು ನಿಲ್ಲುವುದು. ದಿನಕ್ಕೆ ಹತ್ತು ಸಲ. ಬೇಕಂತಲೇ!

ಸೋಫಾದಲ್ಲಿದ್ದವರು ಸತ್ಯವತಿ ಗಾರು. (ಆರು ವರ್ಷದಿಂದ ಈ ಊರಲ್ಲಿದ್ದು, ಮರ್ಯಾದೆಗೆ ಹೆಸರಿನ ಜೊತೆ ಸೇರಿಸುವ ತೆಲುಗಿನ ‘ಗಾರು’ ಬಾಯಿಗೆ ಅಂಟಿಕೊಂಡಿದೆ. ಗದಗಿಗೆ ಹೋದಾಗ ಆಟೋದವನಿಗೂ ಗಾರು ಅಂದು ನಗೆಪಾಟಲಾಗಿದ್ದೇನೆ.) ಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ರಿಟೈರ್ ಆದವರು. ನಾನು ಹೊರಗೆ ಹೋದಾಗಲೆಲ್ಲ ಅತ್ತೆಯ ಜೊತೆ ಇರಲಿ ಅಂತ ನಾನೇ ಅವರನ್ನು ಕರೆದು ಕೂರಿಸಿದ್ದು. ನನ್ನ ಲೆಕ್ಕದಲ್ಲಿ ಇಬ್ಬರೂ ಟಿವಿ ನೋಡುತ್ತಿರುತ್ತಾರೆ. ಆದರೆ ಆರು ತಿಂಗಳಿಂದ ಇಲ್ಲಿ ನಡೆದದ್ದೇ ಬೇರೆ. ಮೊದಲು ಕುರ್ಚಿಯಿಂದ ಕೈ ಊರದೆ ಏಳುವುದು. ಆಮೇಲೆ ಗೋಡೆಗೆ ಕೈ ಕೊಟ್ಟು ತಳ್ಳುವುದು. ಆಮೇಲೆ ಭಾರ ಎತ್ತುವುದು.

ಭಾರ ಅಂದರೆ? ಅತ್ತೆ ಮಂಚದ ಕೆಳಗಿನಿಂದ ನಾಲ್ಕು ಚೀಲ ಎಳೆದು ತೋರಿಸಿದರು. ಹಳೇ ಮಂಗಳಗಿರಿ ಸೀರೆ ಹರಿದು ಕೈಯಲ್ಲೇ ಹೊಲಿದದ್ದು. ಒಳಗೆ ಜೋಳ! ರೊಟ್ಟಿಗೆ ಅಂತ ಊರಿಂದ ತರಿಸಿದ ಜೋಳ. ಡಬ್ಬಿ ಯಾಕೆ ಇಷ್ಟು ಬೇಗ ಖಾಲಿಯಾಗುತ್ತೆ ಅಂತ ನಾನು ಪಾಪ ಕೆಲಸದಾಕೆಯ ಮುಖವನ್ನೇ ಅನುಮಾನದಿಂದ ನೋಡುತ್ತಿದ್ದೆ.

"ಡಾಕ್ಟರಿಗಾದ್ರೂ ಕೇಳೀರೇನ್ರಿ?" ಅಂದೆ.

"ನಿನ್ನಕಿಂತ ಮೊದಲ ಕೇಳೇವಿ. ಬಿಪಿ, ಎಲುಬು, ಎಲ್ಲಾ ತೋರ್ಸೇವಿ."

ಇನ್ನೊಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಈ ಆರು ತಿಂಗಳಲ್ಲಿ ಅತ್ತೆ ಬದಲಾಗಿದ್ದರು. ತರಕಾರಿ ಗಾಡಿಯವನ ಜೊತೆ ಜಗಳ, ಅಳಿಯನಿಗೆ ಫೋನಿನಲ್ಲೇ ಚೇಷ್ಟೆ, ನನಗೆ ಎದುರುತ್ತರ. ಬೆಳಿಗ್ಗೆ ಬೀಚ್ ರೋಡಿಗೆ ಹೋಗೋಣ ಬಾ ಅಂತ ಹಟ. ನಾನೇನು ಮಾಡಿದೆ? "ವಯಸ್ಸಾದವರಲ್ಲಿ ಹಠಾತ್ ಸಿಟ್ಟು, ಕಾರಣವೇನು" ಅಂತ ಗೂಗಲ್ ಮಾಡಿದೆ. ಮರೆವಿನ ಕಾಯಿಲೆಯ ಎಲ್ಲ ಲಕ್ಷಣ ಓದಿ, ಗಂಡನಿಗೂ ಫಾರ್ವರ್ಡ್ ಮಾಡಿ ಕೂತಿದ್ದೆ. ಒಬ್ಬ ಹೆಂಗಸಿಗೆ ಧೈರ್ಯ ವಾಪಸ್ ಬರುತ್ತಿದ್ದರೆ ನಮಗೆ ಅದು ರೋಗದ ಹಾಗೆ ಕಾಣುತ್ತದೆ ನೋಡಿ!

ಧೈರ್ಯ ಹೋಗಿದ್ದು ಎರಡು ವರ್ಷದ ಹಿಂದೆ, ವಿಜಯವಾಡದಲ್ಲಿ. ಅಲ್ಲಿ ನನ್ನ ನಾದಿನಿ ಶೋಭಾ ಇದ್ದಾಳೆ, ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ. ಅತ್ತೆ ಅವಳ ಮನೆಗೆ ಹೋಗಿದ್ದಾಗ ಬಚ್ಚಲಲ್ಲಿ ಜಾರಿದರು. ಶೋಭಾ ಮೂರು ಗಂಟೆಗೆ ಡ್ಯೂಟಿ ಮುಗಿಸಿ ಬಂದು ನೋಡಿದರೆ ಒಳಗಿನಿಂದ ಚಿಲಕ. ವಾಚ್‌ಮನ್ ಬಾಗಿಲು ಒಡೆದ. "ಈಗಷ್ಟ ಬಿದ್ದೆ" ಅಂದರು ಅತ್ತೆ. ಮಣಿಕಟ್ಟು ಮುರಿದಿತ್ತು. ಮೂಳೆ ಆರು ವಾರಕ್ಕೆ ಕೂಡಿತು.

ನಾವು ಮಾಡಿದ ಮೊದಲ ಕೆಲಸ ಏನು ಗೊತ್ತಾ? ವಿಜಯವಾಡದಲ್ಲೂ ವೈಜಾಗ್‌ನಲ್ಲೂ ಬಚ್ಚಲಿನ ಒಳಚಿಲಕ ಬಿಚ್ಚಿಸಿದ್ದು. ಮೇಲೊಂದು ರೂಲ್ಸ್ ಬೇರೆ. ಒಳಗಿರುವಷ್ಟು ಹೊತ್ತೂ ಅತ್ತೆ ಆಗಾಗ ಕೆಮ್ಮಬೇಕು. ಕೆಮ್ಮು ಕೇಳದಿದ್ದರೆ ನಾನು ಬಾಗಿಲು ದೂಡಿಕೊಂಡು ಒಳಗೆ ನುಗ್ಗುವುದು. ಎರಡು ವರ್ಷ ಆ ತಾಯಿ ಸ್ನಾನ ಮಾಡುತ್ತಾ ಕೆಮ್ಮಿದ್ದಾರೆ. ನಾನಿದಕ್ಕೆ ಕಾಳಜಿ ಅಂತ ಹೆಸರಿಟ್ಟಿದ್ದೆ.

ಅಷ್ಟೇ ಅಲ್ಲ. ಅವರ ಕೈಯಿಂದ ಕೊಡ ಕಸಿದುಕೊಂಡೆವು. ಕುಕ್ಕರ್ ಕಸಿದುಕೊಂಡೆವು. "ನೀವು ಕೂಡ್ರಿ ಅತ್ತಿ" ಅನ್ನುವುದೇ ಮಂತ್ರ. ಅವರೂ ಕೂತರು. ಬಾಲ್ಕನಿಗೆ ಬನ್ನಿ ಅಂದರೆ "ಬ್ಯಾಡವ್ವಾ". ಮದುವೆಗೆ ಹೋಗೋಣ ಅಂದರೆ "ಬ್ಯಾಡವ್ವಾ". ನಾವು ವಯಸ್ಸಾಯಿತಲ್ಲ ಅಂದುಕೊಂಡೆವು.

ಸತ್ಯವತಿ ಗಾರು ಕಾಫಿ ಲೋಟ ಕೆಳಗಿಟ್ಟು ಅತ್ತೆಗೆ ತೆಲುಗಿನಲ್ಲಿ ಹೇಳಿದರು, "ಚೆಪ್ಪಂಡಿ." ಹೇಳಿಬಿಡಿ ಅಂತ.

ಅತ್ತೆ ನನ್ನ ಮುಖ ನೋಡಲಿಲ್ಲ. ಜೋಳದ ಚೀಲದ ಹೊಲಿಗೆ ಕೀಳುತ್ತಾ ಹೇಳಿದರು. "ಅವತ್ತ ಈಗಷ್ಟ ಬಿದ್ದೆ ಅಂದೆನಲ್ಲ, ಸುಳ್ಳು. ನಾ ಜಳಕಕ್ಕ ಹೋಗಿದ್ದು ಹನ್ನೊಂದಕ್ಕ."

ಹನ್ನೊಂದರಿಂದ ಮೂರು. ನೀವೇ ಎಣಿಸಿ.

"ಸೀರಿ ಮೈಮ್ಯಾಲೇ ಒಣಗ್ತು," ಅಂದರು.

ಈಗಷ್ಟೇ ಬಚ್ಚಲಲ್ಲಿ ಬಿದ್ದವರ ಸೀರೆ ಒಣಗಿರುತ್ತದಾ? ಅವತ್ತು ಶೋಭಾ ಕೇಳಲಿಲ್ಲ. ಸಂಜೆ ರೈಲು ಹತ್ತಿ ಓಡಿಹೋದ ನಾವೂ ಯಾರೂ ಕೇಳಲಿಲ್ಲ.

"ಕೈ ನೋವಿಗೆ ಅಳು ಬರಲಿಲ್ಲ. ಒಂದ್ ಕೈ ಚಲೋನೇ ಇತ್ತು. ಕಾಲೂ ಮುರಿದಿದ್ದಿಲ್ಲ. ಆದ್ರ ಏಳಾಕ ಬರವಲ್ದು! ಚಿಲಕ ಕಾಣಸ್ತೈತಿ, ಮುಟ್ಟಾಕ ಆಗವಲ್ದು. ತೊಡಿಯಾಗ ಕಸುವ ಇಲ್ಲ. ಹೊರಗ ಫೋನ್ ಬಡ್ಕೊಳ್ಳಾಕತ್ತಿತ್ತು. ನಾಕ್ ಸಲ ಬಡ್ಕೊಂತು."

ಯಾರ ಫೋನ್ ಅಂತ ಅವರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ನಂದು. ಉಪ್ಪಿನಕಾಯಿಗೆ ಸಾಸಿವೆ ಎಷ್ಟು ಹಾಕಬೇಕು ಅಂತ ಕೇಳಲು ಮಾಡಿದ್ದೆ. ನಾಲ್ಕನೇ ಸಲ ಎತ್ತದಿದ್ದಾಗ ಗಂಡನ ಮುಂದೆ ಬೈದಿದ್ದೂ ನೆನಪಿದೆ. "ನಿಮ್ಮವ್ವಗ ಸೀರಿಯಲ್ ಮುಂದ ಕುಂತ್ರ ಫೋನು ಕೇಳಂಗಿಲ್ಲ."

"ಯಾಕ್ ಹೇಳಲಿಲ್ರಿ ಅತ್ತೀ?"

"ಹೇಳಿದ್ರ ಬಚ್ಚಲಕ್ಕೂ ಜೋಡಿ ಬರ್ತಿದ್ರಿ. ಹೇಳದಿದ್ರೂ ಬಂದ್ರಿ!" ಅಂದು ನಕ್ಕೇಬಿಟ್ಟರು. ನನಗೆ ನಗು ಬರಲಿಲ್ಲ.

"ಈಗ ಏನ್ ಆಗಬೇಕ್ರಿ ನಿಮಗ?"

"ಚಿಲಕ ಹಾಕ್ಸು."

ಅಷ್ಟೇ. ಆರು ತಿಂಗಳ ಕಸರತ್ತು, ನಾಲ್ಕು ಚೀಲ ಜೋಳ, ದಿನಕ್ಕೆ ಹತ್ತು ಸಲ ನೆಲ, ಎಲ್ಲ ಒಂದು ಚಿಲಕಕ್ಕೆ.

ಸಂಜೆ ಗಂಡ ಮನೆಗೆ ಬಂದರು. ನೇವಿಯವರು. ಐವತ್ತೊಂದು ವರ್ಷ, ಶಿಸ್ತು ಅಂದರೆ ತಾನೇ ಅಂದುಕೊಂಡವರು. ವಿಷಯ ಕೇಳಿ ಯೂನಿಫಾರ್ಮ್‌ನಲ್ಲೇ ಸಿಡಿದರು. "ಅವ್ವಾ, ನಿನಗ ಹುಚ್ಚು ಹಿಡದೈತೇನ? ಬೇಕಂತ ನೆಲಕ್ಕ ಬೀಳೂದ? ಚಿಲಕಂತೂ ಸಾಧ್ಯನ ಇಲ್ಲ."

"ಮಲ್ಲ್ಯಾ, ಮಲಕ್ಕೋ," ಅಂದರು ಅತ್ತೆ.

"ಏನು?"

"ನೆಲದ ಮ್ಯಾಲ ಮಲಕ್ಕೋ. ಏನೂ ಹಿಡೀಲಾರದ ಎದ್ದು ತೋರ್ಸು. ನೀ ಎದ್ರ ನಾ ಚಿಲಕದ ಮಾತ ಆಡೂದಿಲ್ಲ."

ಮಲಗಿದರು. ಮೊದಲು ನೇರ ಎದ್ದು ಕೂರಲು ನೋಡಿದರು. ಹೊಟ್ಟೆ ಬಿಡಲಿಲ್ಲ. ಬಲಕ್ಕೆ ಹೊರಳಿದರು. "ಅಯ್ಯಯ್ಯ" ಅಂದರು. ಮಂಡಿ ಊರಿದರು. ಕೈ ತಾನಾಗಿಯೇ ಟೀಪಾಯಿಯ ಅಂಚಿಗೆ ಹೋಯಿತು.

"ಹಿಡದಿ!" ಅಂತ ಅತ್ತೆ ಚಪ್ಪಾಳೆ ತಟ್ಟಿದರು.

ಆಮೇಲೆ ತಾವು ಮಲಗಿದರು. ಪಕ್ಕಕ್ಕೆ ಹೊರಳಿದರು. ಮೊಣಕೈ, ಮಂಡಿ, ಒಂದು ಪಾದ. ತಮ್ಮದೇ ತೊಡೆಯ ಮೇಲೆ ಕೈ ಇಟ್ಟು, ಒಮ್ಮೆ ಉಸಿರು ಬಿಟ್ಟು, ಎದ್ದು ನಿಂತರು. ಸ್ವಲ್ಪ ಓಲಾಡಿದರು. ನಾವಿಬ್ಬರೂ ಹಿಡಿಯಲು ಮುಂದೆ ಬಾಗಿದೆವು. "ದೂರ" ಅಂದರು. ನಿಂತರು. ಸೆರಗು ಸರಿ ಮಾಡಿಕೊಂಡರು.

ಗಂಡ ತಾಯಿಯನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಇನ್ನೂ ಒಂದು ಮಂಡಿ ನೆಲದಲ್ಲೇ ಇತ್ತು.

"ಮತ್ತ ಬಿದ್ರ, ಅವ್ವಾ?" ಧ್ವನಿ ಸಣ್ಣಗಾಗಿತ್ತು.

"ಬಿದ್ರ ಏಳ್ತೀನಿ. ಏಳಾಕ ಬರದಿದ್ರ ಒದರ್ತೀನಿ." ನನ್ನ ಕಡೆ ತಿರುಗಿದರು. "ಗೀತಾ, ನೀ ಮಾತ್ರ ಫೋನ್ ಮಾಡೂದ ಬಿಡಬ್ಯಾಡ."

ಅತ್ತೆ ಮತ್ತೆ ಬೀಳುವುದಿಲ್ಲ ಅಂತ ನಾನು ಬರೆದುಕೊಡುವುದಿಲ್ಲ. ನನಗೆ ಈಗಲೂ ಭಯ ಇದೆ. ಆದರೆ ಆ ಭಯ ನನ್ನದು. ಅದಕ್ಕೆ ಅವರು ಯಾಕೆ ಕೆಮ್ಮಬೇಕು?

ಬುಧವಾರ ಬಡಗಿ ಬಂದು ಚಿಲಕ ಹಾಕಿ ಹೋದ. ಗುರುವಾರ ಬೆಳಿಗ್ಗೆ ಅತ್ತೆ ಟವೆಲ್ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ‘ಟಕ್’ ಅಂತ ಶಬ್ದ. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಕೇಳಿರದ ಶಬ್ದ.

ಆಮೇಲೆ ಏನೂ ಇಲ್ಲ. ಕೆಮ್ಮಿಲ್ಲ. ನೀರಿನ ಸದ್ದೂ ನಿಂತಿತು. ನಾನು ಬಾಗಿಲಿಗೆ ಕಿವಿ ಹಚ್ಚಿ, ಉಸಿರು ಬಿಗಿಹಿಡಿದು ನಿಂತಿದ್ದೆ. ಕರೆಯಲಾ? ಬೇಡವಾ?

ಒಳಗಿನಿಂದ ದನಿ ಬಂತು. "ಅಲ್ಲಿ ನಿಂತು ಏನ್ ಮಾಡ್ತಿ? ಹಾಲು ಉಕ್ಕಿದ ವಾಸನಿ ಬರಾಕತ್ತೈತಿ, ನೋಡ್ಹೋಗು!"

ನಿಜ, ಉಕ್ಕಿ ಒಲೆಯೆಲ್ಲ ಹರಿದಿತ್ತು.

ನಿಮ್ಮ ಮನೆಯಲ್ಲೂ ಇಂಥದ್ದು ನಡೆದಿದ್ದರೆ, ನೀವು ಬೆಚ್ಚಿಬಿದ್ದ ಕಥೆಯನ್ನು ನನಗೆ ಬರೆದು ಕಳಿಸಿ, ನಾಚಿಕೆ ಬೇಡ, ನಾನೇ ಬರೆದುಕೊಂಡಿದ್ದೇನಲ್ಲ. ಆದರೆ ಬರೆಯುವ ಮುಂಚೆ ಒಮ್ಮೆ ಎದ್ದು ಹೋಗಿ ನೋಡಿ: ನಿಮ್ಮ ಮನೆಯ ಹಿರಿಯರ ಬಚ್ಚಲಿಗೆ ಒಳಗಿನಿಂದ ಚಿಲಕ ಇದೆಯಾ?