ಟವೆಲು ಹಾಕಿದ ಸೀಟು

ನನ್ನ ನೋಟ್‌ಬುಕ್ಕಿನಲ್ಲಿ ಆರು ಕಾಲಂ ಹಾಕಿಕೊಂಡಿದ್ದೆ. ತಾರೀಖು, ಜಾಗ, ಆಡಿದವರ ಅಂದಾಜು ವಯಸ್ಸು, ಎಷ್ಟು ನಿಮಿಷ ಆಡಿದರು, ಎಲ್ಲಿ ಬಿಟ್ಟರು, ಬಿಡುವಾಗ ಏನಂದರು. ಏಳನೆಯದನ್ನು ಮೊದಲ ದಿನವೇ ಸೇರಿಸಬೇಕಾಯಿತು: ಟವೆಲು ಎಷ್ಟು ಸಲ ಎಸೆದರು. ಜಗಳ ಹುಟ್ಟಿದ್ದು ಆ ಏಳನೆಯ ಕಾಲಮ್ಮಿನಿಂದ.

ದೊಡ್ಡಪ್ಪನ ಮಗ ಕಡೂರಿನಲ್ಲಿ ಮೊಬೈಲ್ ಗೇಮ್ ಮಾಡುತ್ತಿದ್ದ. ನನಗಿಂತ ಆರು ವರ್ಷ ದೊಡ್ಡವನು, ಅಣ್ಣ ಎನ್ನುತ್ತೇನೆ. ದೊಡ್ಡಪ್ಪನ ತೆಂಗಿನಕಾಯಿ ಮಂಡಿಯ ಮೇಲಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಚಿತ್ರ ಮತ್ತು ಪ್ರೋಗ್ರಾಂ ತಾನು, ಸದ್ದೆಲ್ಲ ಗೆಳೆಯನದು ಎಂದು ಹಂಚಿಕೊಂಡು ಎರಡು ವರ್ಷ ಕೂತಿದ್ದ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಜೂನ್ ತಿಂಗಳಲ್ಲಿ ಕರೆದ.

"ಮನೆ ಬೆಕ್ಕು ಎಷ್ಟು ದಿನದಿಂದ ಬಂದಿಲ್ಲ ಅಂತಾನೂ ಬರೆದಿಡೋಳು ನೀನು. ಜನ ನನ್ನ ಆಟ ಹೆಂಗ್ ಆಡ್ತಾರೆ ಅಂತ ಬರ್ಕೊಂಡ್ ಬಾ," ಎಂದ.

ಹನ್ನೊಂದು ದಿನ ಎಂದು ಹೇಳಿದೆ. ಬೆಕ್ಕಿನ ವಿಷಯ.

ಆಟದಲ್ಲಿ ಒಬ್ಬ ಮುದುಕಿ. ಕಡೂರಿನ ಬಯಲಿನಿಂದ ಹೊರಟು ಹೆಬ್ಬೆ ಜಲಪಾತಕ್ಕೆ ಹೋಗುತ್ತಾಳೆ. ಯಾಕೆ ಹೋಗುತ್ತಾಳೆ ಎಂದು ಆಟ ಹೇಳುವುದಿಲ್ಲ. ಹೇಳಿಬಿಟ್ಟರೆ ಕಲೆ ಆಗುವುದಿಲ್ಲವಂತೆ. ಪಾಯಿಂಟ್ ಇಲ್ಲ, ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ. ಮುದುಕಿ ನಡೆಯುತ್ತಾಳೆ, ಅಷ್ಟೆ. ಅದೂ ನಿಧಾನವಾಗಿ. ಬೇಗ ನಡೆಯಲಿ ಎಂದು ಪರದೆಯನ್ನು ಒತ್ತಿದರೆ ಬೇಗ ನಡೆಯುವುದಿಲ್ಲ, ನಿಟ್ಟುಸಿರು ಬಿಡುತ್ತಾಳೆ. ಈ ನಿಟ್ಟುಸಿರಿನಲ್ಲಿ ಹದಿನಾಲ್ಕು ಬಗೆ. ಅಣ್ಣನ ಗೆಳೆಯ ತನ್ನ ಅಜ್ಜಿಯ ಮುಂದೆ ಮೈಕ್ ಹಿಡಿದು ಒಂದು ವಾರ ಕೂತು ಅವನ್ನು ಹಿಡಿದಿದ್ದ. ಐದನೆಯದಕ್ಕೂ ಒಂಬತ್ತನೆಯದಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು.

ಒಂದು ಕಂಪನಿ ಈ ಆಟದ ಚಿತ್ರಗಳನ್ನು ನೋಡಿ ಮೆಚ್ಚಿತ್ತು. ಪೂರ್ತಿ ಆಟವನ್ನೂ, ನಲವತ್ತು ಮಂದಿ ಸಾಮಾನ್ಯ ಜನ ಅದನ್ನು ಹೇಗೆ ಆಡಿದರು ಎನ್ನುವ ದಾಖಲೆಯನ್ನೂ ಕಳಿಸಿದರೆ, ಒಪ್ಪಿಗೆಯಾದಲ್ಲಿ ತಾವೇ ಹೊರತರುತ್ತೇವೆ ಎಂದಿತ್ತು. ಒಪ್ಪದಿದ್ದರೆ ದಸರಾ ಹೊತ್ತಿಗೆ ಕೋಣೆ ಖಾಲಿ ಮಾಡಿ ಕೆಳಗೆ ಮಂಡಿಯಲ್ಲಿ ಕೂರುತ್ತೇನೆ ಎಂದು ಅಣ್ಣ ದೊಡ್ಡಪ್ಪನಿಗೆ ಮಾತು ಕೊಟ್ಟಿದ್ದ. ತೆಂಗಿನಕಾಯಿಯ ಮೇಲೆ ಅವನಿಗೆ ದ್ವೇಷವೇನಿರಲಿಲ್ಲ. "ಆಟ ಆಡಿದ್ದು ಸಾಕಾಯ್ತೇನಪ್ಪಾ" ಎಂದು ದಿನವೂ ಕೇಳಿಸಿಕೊಳ್ಳಬೇಕಲ್ಲ, ಅದು ಬೇಡವಾಗಿತ್ತು.

ಇನ್ನು ಟವೆಲಿನ ವಿಷಯ. ನಮ್ಮ ಕಡೆ ಬಸ್ಸು ಸ್ಟ್ಯಾಂಡಿಗೆ ತಿರುಗುವಾಗಲೇ ಜನ ಅದರ ಪಕ್ಕದಲ್ಲಿ ಓಡುತ್ತಾರೆ. ಕಿಟಕಿಯಿಂದ ಟವೆಲೋ ಕರ್ಚೀಫೋ ಚೀಲವೋ ಸೀಟಿನ ಮೇಲೆ ಎಸೆಯುತ್ತಾರೆ. ಬಿದ್ದರೆ ಆ ಸೀಟು ಅವರದು, ಹತ್ತಿ ಬರುವುದು ಎಷ್ಟು ತಡವಾದರೂ ಸರಿ. ಆಟದ ಮುದುಕಿ ಕಡೂರಿನಲ್ಲಿ ಬಸ್ಸು ಹತ್ತಬೇಕಿತ್ತು. "ಸೀಟ್ ಹೆಂಗ್ ಸಿಗುತ್ತೋ ಅವಳಿಗೆ?" ಎಂದು ಗೆಳೆಯ ಕೇಳಿದ್ದಕ್ಕೆ ಅಣ್ಣ ಒಂದು ಮಧ್ಯಾಹ್ನ ಕೂತು ಇದನ್ನು ಮಾಡಿಬಿಟ್ಟ. ಬಸ್ಸು ತಿರುಗುತ್ತದೆ, ಮುದುಕಿ ಟವೆಲು ಎಸೆಯುತ್ತಾಳೆ. ಇನ್ನೊಬ್ಬರ ಚೀಲ ಮೊದಲೇ ಬಿದ್ದಿದ್ದರೆ ಟವೆಲು ಜಾರುತ್ತದೆ. ನಡುವೆ ಬಿದ್ದರೆ ಯಾರೋ ತುಳಿಯುತ್ತಾರೆ. ಕಂಡಕ್ಟರ್ "ಮುಂದ್ ಹೋಗ್ರೀ" ಎಂದು ಕೂಗುತ್ತಾನೆ. ಎಲ್ಲ ಸೇರಿ ಒಂದೂವರೆ ನಿಮಿಷ. ನಿಟ್ಟುಸಿರಿಗೆ ಒಂದು ವಾರ, ಟವೆಲಿಗೆ ಒಂದು ಮಧ್ಯಾಹ್ನ.

ಆ ತಿಂಗಳ ಎರಡನೇ ಸೋಮವಾರ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೆಲಸ ಶುರು ಮಾಡಿದೆ. ವೀಳ್ಯದೆಲೆ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸಿಗೆ ಫೋನ್ ಕೊಟ್ಟೆ. ಮೊದಲನೇ ಟವೆಲು ಕಿಟಕಿಯ ಸರಳಿಗೆ ಬಡಿದು ಕೆಳಗೆ ಬಿತ್ತು.

"ಅಯ್ಯೋ ನಿನ್ನ! ಹಿಂಗೆಲ್ಲ ಎಸಿತಾರೇನೇ ಮುದುಕಿ?" ಎಂದು ಪರದೆಗೆ ಬೈದಳು.

ಮೂರನೆಯದು ಸೀಟಿನ ಮೇಲೆ ಬಿತ್ತು. ಮುದುಕಿ ಹತ್ತಿ ಕೂತಳು, ಬಸ್ಸು ಹೊರಟಿತು, ಮಂಜು ಶುರುವಾಯಿತು, ಕೊಳಲು ಕೇಳಿಸಿತು. ಹೆಂಗಸು ಹಿಂದಕ್ಕೆ ಹೋಗುವ ಗುಂಡಿ ಒತ್ತಿದಳು. ಮುದುಕಿ ಮತ್ತೆ ಕಡೂರು ಸ್ಟ್ಯಾಂಡಿನಲ್ಲಿ.

"ಯಾಕಮ್ಮ, ಮುಂದಕ್ಕೆ ಹೋಗಲ್ವಾ?"

"ಸೀಟ್ ಸಿಕ್ತಲ್ಲವ್ವ. ಇನ್ನೇನಿದೆ ಅಲ್ಲಿ? ಇರು, ಈ ಸಲ ಕಿಟಕಿ ಪಕ್ಕದ್ದೇ ಹಿಡೀತೀನಿ."

ಇಪ್ಪತ್ತೇಳು ಸಲ ಎಸೆದಳು. ಅವಳದೇ ಬಸ್ಸು ಬಂದಾಗ ಫೋನನ್ನು ನನ್ನ ಕೈಗೆ ತುರುಕಿ, ಸೆರಗಿನ ಮೇಲಿದ್ದ ಟವೆಲು ಕಿತ್ತು ಓಡಿದಳು. ನಿಜವಾದ ಕಿಟಕಿಗೆ ಒಂದೇ ಏಟಿಗೆ ಬಿತ್ತು. ಅದನ್ನೂ ಬರೆದುಕೊಂಡೆ, ಬೇರೆ ಶಾಯಿಯಲ್ಲಿ.

ಗುರುವಾರ ಬೀರೂರು ಸ್ಟೇಷನ್ನಿನಲ್ಲಿ ಕಂದಾಯ ಇಲಾಖೆಯಿಂದ ರಿಟೈರಾದ ಶೇಕ್ದಾರರೊಬ್ಬರು ಆಡಿದರು. ಅವರ ಟವೆಲು ಬಿದ್ದ ಸೀಟಿನಲ್ಲಿ ಆಟದ ಗಂಡಸೊಬ್ಬ ಬಂದು ಕೂತುಬಿಟ್ಟ. ಶೇಕ್ದಾರರು ನನ್ನ ಮೇಲೆ ರೇಗಿದರು.

"ಇದ್ಯಾವ ನ್ಯಾಯ? ಟವೆಲ್ ಬಿತ್ತು ಅಂದ್ರೆ ಆ ಸೀಟು ಖಾತೆ ಆದಂಗೆ ಕಣಮ್ಮ. ಇವ್ನ್ಯಾವನು ಕೂರಕ್ಕೆ?"

ಪಕ್ಕದಲ್ಲಿ ಕೂತಿದ್ದ ಗೂಡ್ಸ್ ಶೆಡ್ಡಿನ ಹಮಾಲಿ, "ನಿಮ್ ಕಾಲದಲ್ಲಿ ಟವೆಲ್ ಹಾಕಿದ್ದ ಜಮೀನೆಲ್ಲ ಖಾತೆ ಆಗ್ತಿತ್ತು ಬಿಡಿ ಸ್ವಾಮಿ," ಎಂದ. ಬೆಂಚಿನವರೆಲ್ಲ ನಕ್ಕರು. ಶೇಕ್ದಾರರು ಮಾತ್ರ ನಗದೆ ಇನ್ನೊಂದು ಟವೆಲು ಎಸೆದರು.

ಮೂರು ವಾರದಲ್ಲಿ ನಲವತ್ತೊಂದು ಜನ. ಮೂವತ್ತೈದು ಮಂದಿ ಬಸ್ಸಿನ ಹತ್ತಿರದಿಂದ ಕದಲಲೇ ಇಲ್ಲ. ಮುಂದಕ್ಕೆ ಹೋದವರು ಆರು. ಅದರಲ್ಲಿ ಮೂವರು ಮುದುಕಿಯ ದಾರಿಯಲ್ಲಿ ಸಿಗುವ ಲಿಂಗದಹಳ್ಳಿಯಲ್ಲೇ ಬಿಟ್ಟರು, ಒಬ್ಬರು ರೈಲು ಬಂತೆಂದು ಎದ್ದರು. ಜಲಪಾತ ಮುಟ್ಟಿದ್ದು ಇಬ್ಬರು. ಒಬ್ಬ ಸದ್ದಿನ ಗೆಳೆಯನ ಭಾವ. ಇನ್ನೊಬ್ಬರು ಅಜ್ಜಂಪುರದ ಕಾಲೇಜಿನ ಮೇಷ್ಟರು, ಪೂರ್ತಿ ನಲವತ್ತು ನಿಮಿಷ ಗಂಭೀರವಾಗಿ ನಡೆದು, "ತುಂಬಾ ಅರ್ಥಪೂರ್ಣವಾಗಿದೆ" ಎಂದು ಹೇಳಿ, ದನಿ ತಗ್ಗಿಸಿ, "ವಾಪಸ್ ಬಸ್ಸಿಗೆ ಹೋಗೋದು ಹೇಗೆ?" ಎಂದು ಕೇಳಿದರು.

ನನ್ನದೂ ಒಂದು ಪೆದ್ದುತನ ಇಲ್ಲಿ ಬರೆಯಬೇಕು. ಎಸೆದದ್ದೆಷ್ಟು, ಬಿದ್ದದ್ದೆಷ್ಟು ಎಂದು ಪರದೆಯ ಮೂಲೆಯಲ್ಲಿ ತೋರಿಸು ಎಂದು ನಡುವೆ ಅಣ್ಣನನ್ನು ಕಾಡಿದೆ. ಹಾಕಿಕೊಟ್ಟ. ಎಂಟು ಜನಕ್ಕೆ ತೋರಿಸಿದೆ, ಎಂಟಕ್ಕೆ ಎಂಟೂ ಅದರ ಕಡೆ ನೋಡಲಿಲ್ಲ. ಲೆಕ್ಕ ಬೇಕಾಗಿದ್ದುದು ನನಗೆ, ಅವರಿಗೆ ಬೇಕಾಗಿದ್ದುದು ಸೀಟು. ಮಾರನೆಯ ದಿನವೇ ತೆಗೆಸಿದೆ. ಹಾಗೆ ತೆಗೆಸಲು ನನಗೆ ಹಿಡಿದದ್ದು ಅರ್ಧ ದಿನದ ಅವಮಾನ. ಅಣ್ಣನಿಗೆ ಅಷ್ಟೂ ಸಾಧ್ಯವಾಗಲಿಲ್ಲ.

ನೋಟ್‌ಬುಕ್ ಅವನ ಮುಂದಿಟ್ಟಾಗ ಆರನೇ ಕಾಲಮ್ಮಿನವರೆಗೆ ಓದಿ ನಿಲ್ಲಿಸಿದ.

"ಜನಕ್ಕೆ ಬೇಕಾಗಿದ್ದೆಲ್ಲ ಕೊಡೋಕೆ ನಾನೇನ್ ಬೋಂಡಾ ಅಂಗಡಿ ಇಟ್ಟಿದೀನೇನೇ?"

"ಬೋಂಡಾ ಅಂಗಡಿಯೋನು ತಿಂದೋರ ಮುಖನಾದ್ರೂ ನೋಡ್ತಾನೆ. ನೀನು ಅದೂ ನೋಡಲ್ಲ."

"ನಿಂಗೆ ಕಲೆ ಅಂದ್ರೆ ಗೊತ್ತಿಲ್ಲ ಕಣೇ."

"ಟವೆಲ್ ಮಾಡಿದ್ದೂ ನೀನೇ ಅಲ್ವೇನೋ?"

ಅದಕ್ಕೆ ಅವನು ಕೊಟ್ಟ ಉತ್ತರ ಹಾಗೇ ಬರೆದಿಟ್ಟಿದ್ದೇನೆ: "ಅದು ನಾನ್ ಮಾಡಿದ್ದಲ್ಲ, ಆಗಿದ್ದು." ಕಷ್ಟಪಡದೆ ಬಂದದ್ದನ್ನು ತನ್ನದು ಎಂದು ಒಪ್ಪುವುದಿಲ್ಲ ಈ ಜಾತಿಯ ಜನ. ಬೆವರು ಸುರಿಸಿದ್ದೇ ಒಳ್ಳೆಯದು ಎಂದು ಅವರ ನಂಬಿಕೆ. ತೆಂಗಿನಕಾಯಿ ಸುಲಿಯುವವನು ಕೂಡ ಹಾಗೆ ನಂಬುವುದಿಲ್ಲ. ಸುಲಿಯಲು ಕಷ್ಟವಾದ ಕಾಯಿಯಲ್ಲಿ ಕೊಬ್ಬರಿ ಜಾಸ್ತಿ ಇರುತ್ತದೆ ಎಂದು ಯಾವ ಮಂಡಿಯಲ್ಲೂ ಯಾರೂ ಹೇಳಿದ್ದಿಲ್ಲ.

ಜುಲೈ ಮೊದಲ ಶನಿವಾರ ತಾನೇ ತರೀಕೆರೆಗೆ ಬರುತ್ತೇನೆಂದ. ನಾನು ಹೇಳಿಕೊಡಬೇಕಾದ ರೀತಿಯಲ್ಲಿ ಹೇಳಿಕೊಡುತ್ತಿಲ್ಲ ಎಂದು ಅವನ ಗುಮಾನಿ. ಆಡುವವರ ಹಿಂದೆ ಸುಮ್ಮನೆ ನಿಲ್ಲಬೇಕು, ಬಾಯಿ ಬಿಡಬಾರದು ಎಂದು ಬಸ್ಸಿನಲ್ಲೇ ಒಪ್ಪಿಸಿಕೊಂಡೆ. ಕಾಲೇಜು ಹುಡುಗಿಯೊಬ್ಬಳು ನಾಲ್ಕನೇ ಟವೆಲು ಎಸೆಯುವವರೆಗೆ ತಡೆದುಕೊಂಡ.

"ಮುಂದೆ ನೋಡಿ, ಮುಂದೆ. ಮಂಜು ಬರುತ್ತೆ. ಅದು ಅವಳ ಒಂಟಿತನ."

ಹುಡುಗಿ ತಲೆ ಎತ್ತಿದಳು. "ಒಂಟಿತನ ಎಲ್ಲಿ ಬಂತು ಸಾರ್? ಬಸ್ಸಲ್ಲಿ ಕಾಲಿಡಕ್ ಜಾಗ ಇಲ್ಲ."

ವಾಪಸು ಬರುವಾಗ ಅಣ್ಣನಿಗೆ ಸೀಟು ಸಿಗಲಿಲ್ಲ. ಬೀರೂರಿನವರೆಗೂ ನಿಂತು, ಬೀರೂರು ದಾಟಿದ ಮೇಲೆ ನನ್ನ ಕಡೆ ಬಗ್ಗಿ, "ಟವೆಲ್ ತೆಗೆದುಬಿಡ್ತೀನಿ," ಎಂದ. ಜನ ಕಥೆಯನ್ನು ನೋಡದೆ ಇರುವುದಕ್ಕೆ ಟವೆಲೇ ಕಾರಣ, ಅದು ಇಲ್ಲದಿದ್ದರೆ ನೋಡಿಯೇ ನೋಡುತ್ತಾರೆ ಎಂದು ಅವನ ತರ್ಕ. ಊಟಕ್ಕೆ ಬಂದವರು ಉಪ್ಪಿನಕಾಯಿ ಮಾತ್ರ ತಿಂದರೆಂದು ಉಪ್ಪಿನಕಾಯಿ ಎತ್ತಿಟ್ಟ ಹಾಗೆ. ಸಾರು ಹೇಗಿದೆ ಎಂದು ಮಾತ್ರ ಬಾಯಿಗಿಟ್ಟು ನೋಡುವುದಿಲ್ಲ.

ಹೊಸ ಆಟದಲ್ಲಿ ಮುದುಕಿ ಶುರುವಿನಲ್ಲೇ ಬಸ್ಸಿನೊಳಗೆ ಕೂತಿದ್ದಳು. ಖಾಲಿ ಬಸ್ಸು. ಹೆಂಗಸರಿಗೆ ಟಿಕೆಟ್ಟಿಲ್ಲದ ಈ ಕಾಲದಲ್ಲಿ ಕಡೂರಿನಿಂದ ಖಾಲಿ ಬಸ್ಸು ಹೊರಡುವುದನ್ನು ನಾನಂತೂ ಕಂಡಿಲ್ಲ. ಇದನ್ನು ಇಪ್ಪತ್ತು ಜನಕ್ಕೆ ಕೊಟ್ಟೆ. ಹದಿಮೂರು ಜನ ಒಂದೇ ಮಾತು ಅಂದರು: "ಆಮೇಲೆ?" ಉಳಿದ ಏಳು ಜನ ಫೋನ್ ವಾಪಸ್ ಕೊಟ್ಟರು. ಅಣ್ಣನಿಗೆ ಆ ಹದಿಮೂರನ್ನು ನೋಡಿ ಖುಷಿಯೋ ಖುಷಿ.

"ನೋಡ್ದೇನೇ? ಕುತೂಹಲ!"

ಅವರು ಅದನ್ನು ಅಂದಾಗಿನ ಮುಖ ಬರೆಯಲು ನನ್ನಲ್ಲಿ ಕಾಲಂ ಇರಲಿಲ್ಲ.

ಕಂಪನಿಗೆ ಹೊಸ ಆಟ ಹೋಯಿತು. ಅದರ ಜೊತೆ ನನ್ನ ನೋಟ್‌ಬುಕ್ಕಿನ ಪುಟಗಳ ಫೋಟೋ. ಇಲ್ಲದ ಟವೆಲಿನ ಲೆಕ್ಕ ಯಾಕೆ, ಏಳನೆಯ ಕಾಲಂ ಕತ್ತರಿಸು ಎಂದು ಅಣ್ಣ ಹೇಳಿದ. ಕತ್ತರಿಸುವುದಿಲ್ಲ, ಬೇಕಾದರೆ ಬೇರೆಯವರ ಕೈಲಿ ಬೇರೆ ಬರೆಸಿಕೋ ಎಂದೆ. ನಾಲ್ಕು ದಿನ ಹುಡುಕಿದ. ಐದನೇ ದಿನ, ಬರೆಸಲು ಯಾರೂ ಸಿಗದೆ, ಇದ್ದ ಹಾಗೇ ಕಳಿಸಿದ.

ಆಗಸ್ಟ್ ಕೊನೆಗೆ ಉತ್ತರ ಬಂತು. ಚಿತ್ರಗಳು ಸುಂದರವಾಗಿವೆ, ಆದರೆ ಜನ ನಿಲ್ಲುತ್ತಿಲ್ಲ. ಏಳನೆಯ ಕಾಲಮ್ಮಿನಲ್ಲಿರುವ ಟವೆಲು ಏನು? ಅದು ಇರುವ ಆಟವನ್ನು ಕಳಿಸಿ, ನೋಡಬೇಕು.

ನಾನು ಓದಿ ಕುರ್ಚಿಯಿಂದ ಎದ್ದೇಬಿಟ್ಟೆ. ಸದ್ದಿನ ಗೆಳೆಯನೂ, "ಕಳಿಸೋ ಮಾರಾಯ, ಹಳೇದು ಇದೆಯಲ್ಲ," ಎಂದ. ಹದಿನಾಲ್ಕು ನಿಟ್ಟುಸಿರು ಹಿಡಿದವನೇ ಹಾಗಂದ. ಅಣ್ಣ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅದರ ಬದಲು ಎರಡು ದಿನ ಬಾಗಿಲು ಹಾಕಿಕೊಂಡು ಹನ್ನೊಂದು ಪ್ಯಾರಾದ ಕಾಗದ ಬರೆದ. ಜನರ ಅಭಿರುಚಿಯನ್ನು ಎತ್ತುವುದು ಕಲಾವಿದನ ಹೊಣೆ ಎಂದು ಮೂರನೇ ಪ್ಯಾರಾ. ಟವೆಲು ಒಂದು ಅಡ್ಡದಾರಿ ಎಂದು ಏಳನೇದು. ಆಟದ ಪ್ರತಿ ಮಾತ್ರ ಕಳಿಸಲಿಲ್ಲ. ಕಂಪನಿಯಿಂದ ಮತ್ತೆ ಉತ್ತರ ಬರಲಿಲ್ಲ. ಬರುವುದೂ ಬೇಡ, ಹನ್ನೊಂದು ಪ್ಯಾರಾಕ್ಕೆ ಹದಿನೈದನೇ ನಿಟ್ಟುಸಿರೇ ಉತ್ತರ.

ದಸರಾ ಮುಗಿದ ವಾರ ಕಂಪ್ಯೂಟರುಗಳನ್ನು ಗೋಣಿಚೀಲ ಸುತ್ತಿ ಮನೆಗೆ ಸಾಗಿಸಿ ಅಣ್ಣ ಮಂಡಿಯಲ್ಲಿ ಕೂತ. ಜನ ಇನ್ನೂ ತಯಾರಾಗಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಆದರೆ ಬಸ್ ಸ್ಟ್ಯಾಂಡುಗಳಲ್ಲಿ ಜನಕ್ಕೆ ಆಡಿಸುತ್ತಿದ್ದ ದಿನಗಳಲ್ಲಿ ಕೇಳಿದವರ ಫೋನಿಗೆಲ್ಲ ಹಳೆಯ ಆಟವನ್ನು ನಾನು ಕಳಿಸಿದ್ದೆ. ಒಂಬತ್ತು ಜನಕ್ಕೆ. ಅವರು ಯಾರ್ಯಾರಿಗೆ ಕಳಿಸಿದರೋ ಅದರ ಲೆಕ್ಕ ನನ್ನ ಹತ್ತಿರ ಇಲ್ಲ.

ಹೋದ ತಿಂಗಳು ಮೂರನೇ ಮಂಗಳವಾರ ಅಣ್ಣನಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಮಂಡಿಗೆ ಹೋಗಿದ್ದೆ. ಅಜ್ಜಂಪುರದ ಕಡೆಯಿಂದ ಕಾಯಿ ತಂದಿದ್ದ ರೈತರೊಬ್ಬರು, ಚೀಲ ಇಳಿಸುವವರೆಗೆ ಕಟ್ಟೆಯ ಮೇಲೆ ಕೂತು ಫೋನು ಒತ್ತುತ್ತಿದ್ದರು. "ಮುಂದ್ ಹೋಗ್ರೀ" ಎಂದು ಫೋನು ಕೂಗಿತು. ಕಾಯಿ ವಿಂಗಡಿಸುತ್ತಿದ್ದ ಅಣ್ಣನ ಕೈ ನಿಂತಿತು. ಕಂಡಕ್ಟರನ ದನಿ ಅವನದೇ.

ರೈತರು ಫೋನನ್ನು ಅವನ ಕಡೆ ಹಿಡಿದರು. "ಸಾವ್ಕಾರ್ರೇ, ನೀವು ಓದಿದೋರು. ಈ ಮುದುಕಿ ಸೀಟ್ ಹಿಡ್ಕೊಂಡು ಹೋಗೋದಾದ್ರೂ ಎಲ್ಲಿಗೆ?"

ಈ ಪ್ರಶ್ನೆಯನ್ನು ಒಬ್ಬರಾದರೂ ಕೇಳಲಿ ಎಂದು ಎರಡು ವರ್ಷ ಕೂತಿದ್ದವನು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ.

"ಗೊತ್ತಿಲ್ಲ ಕಣ್ರೀ. ಯಾರ್ ಮಾಡಿದ್ದೋ ಏನೋ."

"ಯಾರೋ ಬಸ್ಸಲ್ಲಿ ಓಡಾಡಿದೋನೇ ಇರ್ಬೇಕು ಬಿಡಿ," ಎಂದು ರೈತರು ಮತ್ತೆ ಎಸೆದರು. ಸರಳಿಗೆ ಬಡಿಯಿತು. ಮತ್ತೆ ಎಸೆದರು. ಮತ್ತೆ ಸರಳಿಗೆ. ಅಣ್ಣ ಕಾಯಿಯನ್ನು ರಾಶಿಗೆ ಹಾಕಿ, ಅವರ ಕಡೆ ನೋಡದೆ ಹೇಳಿದ:

"ಬಸ್ಸು ನಿಂತ್ಮೇಲೆ ಎಸೀಬೇಡಿ. ತಿರುಗೋವಾಗ್ಲೇ ಎಸೀರಿ, ಎರಡನೇ ಕಿಟಕಿಗೆ."

ಟವೆಲು ಸೀಟಿನ ಮೇಲೆ ಬಿತ್ತು.

"ಅರೆ! ನೀವೂ ಆಡ್ತೀರಾ ಇದನ್ನ?"

"ಇಲ್ಲ," ಎಂದು ಅಣ್ಣ ಎದ್ದು ಒಳಗೆ ಹೋದ.

ರೈತರು ಹಿಂದಕ್ಕೆ ಹೋಗುವ ಗುಂಡಿ ಒತ್ತಿದರು.