ಪರದೆ ತೆಗೆಸಿದವರ ಹಲ್ಲು

೧೯೬೩ನೇ ಇಸವಿ. ಶಿಡ್ಲಘಟ್ಟದ ಪೇಟೆ ಬೀದಿಯಲ್ಲಿ ನನ್ನದೊಂದು ಹಲ್ಲು ಕಟ್ಟುವ ಕ್ಲಿನಿಕ್ ಇತ್ತು. ನನ್ನ ಓದು ಮಿಡ್ಲ್ ಸ್ಕೂಲಿಗೇ ನಿಂತಿತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಬ್ಬ ದಂತವೈದ್ಯರ ಬಳಿ ನೆಲ ಒರೆಸುತ್ತ, ಪ್ಲಾಸ್ಟರ್ ಕಲಸುತ್ತ ಕೆಲಸ ಕಲಿತವನು ನಾನು. ದಂತವೈದ್ಯ ಕಾಯ್ದೆ ಬಂದಾಗ, ಅದಕ್ಕೂ ಮೊದಲಿನಿಂದ ಇದೇ ಕಸುಬಿನಲ್ಲಿ ಬದುಕಿದವರಿಗೆ ನೋಂದಣಿಗೆ ಅವಕಾಶ ಕೊಟ್ಟರು. ಹಾಗೆ ಸಿಕ್ಕಿದ ಪ್ರಮಾಣಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ.

ಇದ್ದದ್ದು ಒಂದೇ ಕೋಣೆ. ಬೀದಿಯ ಕಡೆಗೆ ಕಾಯುವವರ ಬೆಂಚು, ಒಳಗಡೆ ಕುರ್ಚಿ, ನಡುವೆ ನೀಲಿ ಬಟ್ಟೆಯ ಪರದೆ. ಆ ಪರದೆ ಇಲ್ಲದಿದ್ದರೆ ನನ್ನ ಕಸುಬೇ ಇಲ್ಲ. ಕಾಂಪೌಂಡ್ ಎಂಬ ಮೇಣದಂಥ ವಸ್ತುವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ವಸಡಿಗೆ ಒತ್ತಿ ಅಚ್ಚು ತೆಗೆಯಬೇಕು. ಅಷ್ಟು ಹೊತ್ತು ಬಾಯಿ ತೆರೆದೇ ಇರಬೇಕು, ಜೊಲ್ಲು ಸುರಿಯುತ್ತದೆ. ನಮ್ಮ ಕಡೆಯ ಹೆಂಗಸರು ಬೇರೆ ಗಂಡಸರೆದುರು ಬೋಳು ಬಾಯಿ ತೆರೆಯುವುದಕ್ಕಿಂತ ಹಲ್ಲಿಲ್ಲದೆ ಮುದ್ದೆ ನುಂಗಿಕೊಂಡು ಇದ್ದುಬಿಡುತ್ತಾರೆ. ಗಂಡಸರೂ ಅಷ್ಟೆ.

ವೆಂಕಟರಾಯಪ್ಪನವರು ಊರಿನ ದೊಡ್ಡ ಜಮೀನುದಾರರು. ಪುರಸಭೆಯಲ್ಲೂ ಅವರ ಮಾತು ನಡೆಯುತ್ತಿತ್ತು. ಅವರ ಹಲ್ಲಿನ ಸೆಟ್ಟು ನಾನೇ ಕಟ್ಟಿದ್ದು, ಇದೇ ಪರದೆಯ ಹಿಂದೆ. ಒಂದು ಸಂತೆಯ ದಿನ ಸೆಟ್ಟು ಒತ್ತುತ್ತದೆ, ಉಜ್ಜಿಕೊಡು ಎಂದು ಬಂದರು. ಹಳ್ಳಿಯ ಮುದುಕಿಯೊಬ್ಬಳು ಅವರಿಗಿಂತ ಮೊದಲು ಬಂದು ಕೂತಿದ್ದಳು.

"ಏನಯ್ಯಾ, ಆ ಮುದುಕಿ ಆದ್ಮೇಲೆ ನಾನಾ?" ಎಂದರು.

"ಹಲ್ಲಿಲ್ಲದ ಬಾಯಿ ಎಲ್ಲಾರ್ದೂ ಒಂದೇ ಥರ ಯಜಮಾನ್ರೇ. ಕೂತ್ಕೊಳಿ," ಎಂದೆ.

ಬೆಂಚಿನ ಮೇಲಿದ್ದವರು ನಕ್ಕರು. ಅವರು ಕೂರಲಿಲ್ಲ, ಹೊರಟುಹೋದರು.

ಕೆಲವು ವಾರಗಳಲ್ಲಿ ಚಿಕ್ಕಬಳ್ಳಾಪುರದಿಂದ ಆರೋಗ್ಯಾಧಿಕಾರಿಗಳು ತಪಾಸಣೆಗೆ ಬಂದರು. ಪ್ರಮಾಣಪತ್ರ ಓದಿದರು, ಇಕ್ಕಳಗಳನ್ನು ಬೆಳಕಿಗೆ ಹಿಡಿದರು, ಕುದಿಯುವ ನೀರಿನ ಪಾತ್ರೆಯ ಮುಚ್ಚಳ ಎತ್ತಿದರು, ಸ್ಪಿರಿಟ್ ಬಾಟಲಿ ಮೂಸಿದರು. ತಪ್ಪು ಏನೂ ಸಿಗಲಿಲ್ಲ. ಕೊನೆಗೆ ಪರದೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಹೆಂಗಸರನ್ನು ಇದರ ಹಿಂದೆ ಕರೆದುಕೊಂಡು ಹೋಗುತ್ತೀರಿ ಎಂದು ಅರ್ಜಿ ಬಂದಿದೆ ಎಂದರು. ನನ್ನ ಕಿವಿಯಲ್ಲಿ ಕಾದ ಎಣ್ಣೆ ಸುರಿದ ಹಾಗಾಯಿತು. ಹೆಣ್ಣುಮಕ್ಕಳು ಬಾಯಿ ತೆರೆಯುವುದೇ ಇದು ಇರುವುದರಿಂದ ಎಂದು ಕೈಮುಗಿದು ಹೇಳಿದೆ. ಕೇಳಲಿಲ್ಲ. ಪರದೆ ತೆಗೆಯಬೇಕು, ಕೆಲಸ ಬೀದಿಗೆ ಕಾಣುವಂತಿರಬೇಕು, ಮತ್ತೆ ಬಂದಾಗ ಪರದೆ ಕಂಡರೆ ಬೀಗ ಎಂದು ಬರೆದುಕೊಟ್ಟು ಜೀಪು ಹತ್ತಿದರು.

ಅರ್ಜಿ ಕೊಟ್ಟವರು ಯಾರೆಂದು ನಾನು ವಿಚಾರಿಸಬೇಕಾಗಿ ಬರಲಿಲ್ಲ. ಮರುದಿನ ವೆಂಕಟರಾಯಪ್ಪನವರು ಬಾಗಿಲಿನ ಹತ್ತಿರ ನಿಂತು, ನಾನು ಕಟ್ಟಿದ ಹಲ್ಲುಗಳನ್ನೆಲ್ಲ ತೋರಿಸಿಕೊಂಡು ಕೇಳಿದರು: "ಏನಪ್ಪಾ, ಈಗ ಗಾಳಿ ಚೆನ್ನಾಗಿ ಆಡ್ತದಾ?"

ಹೆಂಗಸರು ಬರುವುದು ನಿಂತಿತು. ದೂರದ ಹಳ್ಳಿಗಳಿಂದ ಬಂದವರು ಬೆಂಚಿನ ತುದಿಯಲ್ಲಿ ಕೂತು, ಬೀದಿಗೆ ಮುಖ ಮಾಡಿದ ಕುರ್ಚಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಎದ್ದುಹೋಗುತ್ತಿದ್ದರು. ಆಮೇಲೆ ಗಂಡಸರೂ ಚಿಂತಾಮಣಿಯ ಕಡೆ ಹೊರಳಿದರು. ನನ್ನ ಹೆಂಡತಿ, ಹೋಗಿ ಅವರ ಕಾಲು ಹಿಡಿಯಿರಿ ಎಂದಳು. ಅವರೇ ಬರಲಿ ಎಂದೆ. ಹಲ್ಲಿನ ಸೆಟ್ಟು ಕಲ್ಲಲ್ಲ, ಒಂದಲ್ಲ ಒಂದು ದಿನ ಮುರಿಯಲೇಬೇಕು. ಪ್ರತಿದಿನ ಬೆಳಿಗ್ಗೆ ಕುರ್ಚಿ ಒರೆಸಿ ಅದಕ್ಕಾಗಿಯೇ ಕಾದೆ.

ಬೇಸಿಗೆಯ ಒಂದು ಸಂತೆಯ ದಿನ ಬಂದರು. ಬಾಯಿಗೆ ಟವಲು, ಕೈಯಲ್ಲಿ ಕಾಗದದ ಪೊಟ್ಟಣ. ಕೊಬ್ಬರಿ ಕಡಿದು ಸೆಟ್ಟಿನ ಪ್ಲೇಟು ಚೂರಾಗಿತ್ತು, ಅಂಟಿಸುವ ಹಾಗಿರಲಿಲ್ಲ. ಮಗಳನ್ನು ನೋಡಲು ಗೌರಿಬಿದನೂರಿನ ಕಡೆಯವರು ನಾಡಿದ್ದೇ ಬರುತ್ತಾರಂತೆ. ಚಿಂತಾಮಣಿಯವನು ವಾರ ಕಾಯಿಸುತ್ತಾನೆ, ಬೆಂಗಳೂರಿಗೆ ಹೋದರೂ ಅಷ್ಟರಲ್ಲಿ ಆಗುವುದಿಲ್ಲ.

ಹೊಸ ಅಚ್ಚು ತೆಗೆಯಬೇಕು, ಕುರ್ಚಿಗೆ ಬನ್ನಿ ಎಂದೆ. ಅವರು ಬೀದಿ ನೋಡಿದರು. ಪೇಟೆ ತುಂಬ ಜನ, ಬೆಂಚಿನ ಮೇಲೆ ಕೂಡ ಸಂತೆಗೆ ಬಂದು ನೆರಳಿಗೆ ಕೂತವರು.

"ಬಾಗ್ಲು ಹಾಕೋ," ಎಂದರು ಟವಲಿನೊಳಗಿಂದ.

"ಮರೇಲಿ ಮಾಡೋ ಹಾಗಿಲ್ಲ ಯಜಮಾನ್ರೇ, ಆರ್ಡರ್ ಆಗಿದೆ."

"ನಾನೇ ಹೇಳ್ತಿದೀನಲ್ಲಪ್ಪಾ."

"ಆಗ್ಲೂ ನೀವೇ ಹೇಳಿದ್ದು. ಎಲ್ಲಿ ಹೇಳಿದ್ರೋ ಅಲ್ಲೇ ಹೋಗಿ ಹೇಳಿ. ಪರದೆ ಹಾಕ್ಬೋದು ಅಂತ ಬರೆಸ್ಕೊಂಡು ಬನ್ನಿ, ಅಚ್ಚು ತಗೀತೀನಿ."

ಅಷ್ಟು ದೊಡ್ಡ ಮನುಷ್ಯರು ಬೋಳು ಬಾಯಲ್ಲಿ, ಸಂತೆಯ ಬಸ್ಸಿನಲ್ಲಿ, ಗುರುತಿನವರ ನಡುವೆ ಚಿಕ್ಕಬಳ್ಳಾಪುರಕ್ಕೆ ಹೋದರು. ಅರ್ಜಿಯಲ್ಲಿ ಬರೆದದ್ದು ಸುಳ್ಳು ಎಂದು ಅಧಿಕಾರಿಗಳೆದುರು ಒಪ್ಪಿಕೊಂಡು, ಹೊಸ ಆರ್ಡರ್ ಹಿಡಿದು ಸಂಜೆಯೊಳಗೆ ವಾಪಸ್ಸು ಬಂದರು.

ಓದಿ ಮಡಿಸಿಟ್ಟೆ. ನನಗೆ ಅಷ್ಟು ಸಾಕಾಗಿರಲಿಲ್ಲ. ಪರದೆ ತಂದು ಅವರ ಕೈಗಿಟ್ಟು ಸ್ಟೂಲು ತೋರಿಸಿದೆ. "ತೆಗೆಸಿದೋರು ನೀವು. ನೀವೇ ಕಟ್ಟಿ."

ಬಾಯಿಯ ಟವಲನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಸ್ಟೂಲು ಹತ್ತಿದರು. ಸರಳಿಗೆ ಬಟ್ಟೆ ಪೋಣಿಸಲು ಎರಡೂ ಕೈ ಬೇಕು. ಟವಲು ಜಾರಿ ನೆಲಕ್ಕೆ ಬಿತ್ತು. ಕತ್ತು ಮೇಲಕ್ಕೆತ್ತಿದ ಮುಖದಲ್ಲಿ ತುಟಿ ಒಳಕ್ಕೆ ಹೋಗಿ ಬಾಯಿ ಬರೀ ಗುಳಿಯಾಗಿತ್ತು. ಬೆಂಚಿನವರು, ಬಾಗಿಲಲ್ಲಿ ನಿಂತವರು ಎಲ್ಲರೂ ನೋಡಿದರು. ಯಾರೂ ನಗಲಿಲ್ಲ. ಬೆಂಚಿನ ತುದಿಯಿಂದ ಒಬ್ಬ ಹೆಂಗಸು ಮಾತ್ರ, "ಪಾಪಂ, ಯಜಮಾನ್ರಿಗೂ ನಮ್ ಥರಾನೇ ಕಣೇ," ಎಂದು ಪಕ್ಕದವಳಿಗೆ ಹೇಳಿದಳು. ನಕ್ಕಿದ್ದರೆ ಅವರಿಗೆ ಅಷ್ಟು ತಾಗುತ್ತಿರಲಿಲ್ಲ.

ಆಮೇಲೆ ಪರದೆ ಎಳೆದು ಅಚ್ಚು ತೆಗೆದೆ. ಹಲ್ಲು ಜೋಡಿಸಿದೆ, ಪ್ಲೇಟು ಗಟ್ಟಿಯಾಗಲು ನೀರಿನಲ್ಲಿ ಬೇಯಿಸಿದೆ, ಉಜ್ಜಿದೆ. ಒಂದು ಕೂದಲೆಳೆಯಷ್ಟೂ ಏರುಪೇರಿರಲಿಲ್ಲ. ಹೇಳಿದ ಹೊತ್ತಿಗೆ ಕೊಟ್ಟೆ. ಗೌರಿಬಿದನೂರಿನವರು ಹುಡುಗಿಯನ್ನು ಒಪ್ಪಿದರು. ಮದುವೆಗೆ ನನ್ನನ್ನು ಕರೆಯಲಿಲ್ಲ, ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ.

ಕ್ಷಮಿಸಿದವನು ದೊಡ್ಡವನು ಎಂದು ಹೇಳುವವರು ನನಗೆ ಅನೇಕರು ಸಿಕ್ಕಿದ್ದಾರೆ. ನಾನು ಕ್ಷಮಿಸಲಿಲ್ಲ, ಅದಕ್ಕೆ ಪಶ್ಚಾತ್ತಾಪವೂ ಇಲ್ಲ. ಕಸುಬು ನನಗೆ ಕಲಿಸಿದ್ದು ಬೇರೆ. ಸೇಡು ಕುರ್ಚಿಯ ತನಕ ಇರಬೇಕು, ಬಾಯಿಯೊಳಗೆ ಹೋಗಬಾರದು. ಸೆಟ್ಟನ್ನು ಸಡಿಲ ಮಾಡಿಕೊಟ್ಟಿದ್ದರೆ ಅವರು ಅದನ್ನು ತಿಪ್ಪೆಗೆ ಎಸೆದು ನನ್ನನ್ನು ಬೈದು ಮರೆತುಬಿಡುತ್ತಿದ್ದರು. ಗಟ್ಟಿಯಾಗಿ ಕೂರಿಸಿದೆ. ಸಾಯುವ ತನಕ ಅವರು ಉಂಡ ಒಂದೊಂದು ತುತ್ತನ್ನೂ ನನ್ನ ಹಲ್ಲಿನಲ್ಲೇ ಅಗಿದರು.