ಬೆಟ್ಟದ ಪಟಕ್ಕೆ ಕುಂಕುಮ

ಆರ್.ಟಿ. ನಗರದ ಚೀನಾ ಡಾಕ್ಟರ ಹಲ್ಲಿನ ಕ್ಲಿನಿಕ್ಕಿನಲ್ಲಿ ಆಯಾ ಆಗಿದ್ದ ಅಂಜಿನಮ್ಮನಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಹಲ್ಲು ಕೀಳಿಸಿಕೊಳ್ಳಲು ಬಂದು ಬಾಗಿಲಲ್ಲೇ ಹಿಂದೆ ತಿರುಗುವ ಗಂಡಸರನ್ನು ರಟ್ಟೆ ಹಿಡಿದು ಕುರ್ಚಿಗೆ ಕೂರಿಸುವುದು. ಇನ್ನೊಂದು, ಶುಕ್ರವಾರದ ಪೂಜೆ. ಡಾಕ್ಟರ್ ಚೆನ್ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲೇ. ಆದರೂ ಅವರ ತಾತ ಚೀನಾದಿಂದ ಬಂದವರೆಂಬ ಕಾರಣಕ್ಕೆ ಬಡಾವಣೆಯವರ ಬಾಯಲ್ಲಿ ಅವರು ಕೊನೆತನಕ ಚೀನಾ ಡಾಕ್ಟರೇ. ಅವರಿಗೆ ದೇವರ ಗೊಡವೆ ಇರಲಿಲ್ಲ. ಅಂಜಿನಮ್ಮನಿಗೆ ಇಬ್ಬರಿಗಾಗುವಷ್ಟಿತ್ತು. ಪುಟ್ಟೇನಹಳ್ಳಿಯಿಂದ ಬಸ್ಸಿನಲ್ಲಿ ಬಂದವಳೇ ಗುಡಿಸಿ, ಒರೆಸಿ, ಕುರ್ಚಿಗೆ, ಹಲ್ಲು ಕೊರೆಯುವ ಮಿಷನ್ನಿಗೆ, ಗೋಡೆಯ ಮೇಲಿನ ಬೆಟ್ಟದ ಪಟಕ್ಕೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಹಚ್ಚುತ್ತಿದ್ದಳು.

ಆ ಪಟ ರೇಷ್ಮೆ ಬಟ್ಟೆಯ ಮೇಲೆ ಬರೆದದ್ದು. ಮಗಳು ಲಿಲಿ ಮದುವೆಯಾಗಿ ಕೋಲ್ಕತ್ತಾಗೆ ಹೋದ ಮೇಲೆ ಡಾಕ್ಟರು ಅದನ್ನು ಮನೆಯಿಂದ ತಂದು ಕ್ಲಿನಿಕ್ಕಿನಲ್ಲಿ ತೂಗುಹಾಕಿದ್ದರು. ಮಂಜು ಕವಿದ ಬೆಟ್ಟ, ಕೆಳಗೆ ಹೊಳೆ, ಹೊಳೆಯ ದಡದಲ್ಲಿ ಒಂದು ಪುಟ್ಟ ಗುಡಿಸಲು. ಬೆಟ್ಟದ ಬುಡದಲ್ಲಿದೆ ಎಂದಮೇಲೆ ಅದು ಗುಡಿಯಲ್ಲದೆ ಇನ್ನೇನು ಎಂದು ಅಂಜಿನಮ್ಮ ಮೊದಲ ದಿನವೇ ತೀರ್ಮಾನಿಸಿಬಿಟ್ಟಳು. ಪಟಕ್ಕೆ ಗಾಜಿರಲಿಲ್ಲ. ಕುಂಕುಮದ ಬೆರಳು ನೇರ ಗುಡಿಯ ಬಾಗಿಲಿಗೇ ಹೋಗುತ್ತಿತ್ತು.

ಈಗ ಡಾಕ್ಟರು ತೀರಿಕೊಂಡಿದ್ದರು. ಕ್ಲಿನಿಕ್ ಖಾಲಿ ಮಾಡಲು ಬಂದ ಲಿಲಿ, ಪಟ ಎಷ್ಟು ಹಳೆಯದು, ಏನು ಬಾಳುತ್ತದೆ ಎಂದು ನೋಡಲು ನಾಳೆ ಒಬ್ಬರು ಬರುತ್ತಾರೆ ಎಂದಳು. ಅಂಜಿನಮ್ಮನಿಗೆ ಹೆದರಿಕೆ ಹತ್ತಿತು. ಲಿಲಿ ಅತ್ತ ಹೋದದ್ದೇ ತಡ, ಒದ್ದೆ ಬಟ್ಟೆ ತಂದು ಕುಂಕುಮ ಒರೆಸಿದಳು. ಕುಂಕುಮದ ಜೊತೆ ಬಾಗಿಲೂ ಬಂತು. ಉಳಿದದ್ದು ಕೆಂಪು ಹಳದಿ ಕಲಸಿದ ಒಂದು ಕಲೆ. ಆ ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ.

ಬಂದವರ ಹೆಸರು ನರೇಂದ್ರ. ಪಟವನ್ನು ಮೇಜಿನ ಮೇಲೆ ಮಲಗಿಸಿ ಭೂತಗನ್ನಡಿ ಹಿಡಿದು ನೇಯ್ಗೆ ನೋಡಿದರು, ಮೂಲೆಯ ಕೆಂಪು ಮುದ್ರೆ ನೋಡಿದರು. "ನೂರು ವರ್ಷದ ಮೇಲಾಗಿದೆ ಮೇಡಂ. ಬರೆದೋನ ಕೈ ಚೆನ್ನಾಗಿದೆ," ಎಂದರು. ಆಮೇಲೆ ಕನ್ನಡಿ ಗುಡಿಸಲಿನ ಹತ್ತಿರ ನಿಂತಿತು. "ಇಲ್ಲಿ ಮಾತ್ರ ಹಾಳಾಗಿದೆ. ಇಂಥ ಚಿತ್ರದಲ್ಲಿ ಸಾಮಾನ್ಯವಾಗಿ ಒಳಗೊಬ್ಬ ಮನುಷ್ಯ ಇರ್ತಾನೆ."

"ಇದ್ದ," ಎಂದಳು ಲಿಲಿ. "ಒಬ್ಬ ಮುದುಕ ಕೂತಿದ್ದ. ಅದು ನಮ್ಮ ಮುತ್ತಾತ ಅಂತ ಪಪ್ಪ ನಂಗೆ ತೋರಿಸ್ತಿದ್ರು. ಅವರದೊಂದು ಫೋಟೋನೂ ಇಲ್ಲ ನಮ್ಮ ಹತ್ರ."

"ಗೋಡೆ ತೇವ ಬಂದು ಬಣ್ಣ ಹರಡಿರ್ಬೇಕು. ನಿಮ್ಮ ಫಾದರ್ ಒಂದು ಗಾಜು ಹಾಕ್ಸಿದ್ರೆ ಉಳೀತಿತ್ತು. ಇನ್ನು ಸರಿಮಾಡೋಕಾಗಲ್ಲ. ಬೆಲೆ ಅರ್ಧಕ್ಕರ್ಧ ಬಿತ್ತು ಅಂದ್ಕೊಳ್ಳಿ."

ಲಿಲಿ ಬೆಲೆಯ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. "ಪಪ್ಪ ಯಾವುದನ್ನೂ ನೆಟ್ಟಗೆ ನೋಡ್ಕೊಂಡೋರಲ್ಲ. ಅಮ್ಮನ್ನೂ ಅಷ್ಟೇ, ಇದನ್ನೂ ಅಷ್ಟೇ," ಎಂದು ಮುಖ ತಿರುಗಿಸಿದಳು.

ಅಂಜಿನಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸತ್ತವರು ಎದ್ದು ಬಂದು ಹೌದು ಅಲ್ಲ ಎನ್ನುವುದಿಲ್ಲ. ಆದರೆ ಡಾಕ್ಟರು ಒಂದು ದಿನವೂ ಅವಳನ್ನು ಗದರಿದವರಲ್ಲ. ತನ್ನ ತಪ್ಪನ್ನು ಅವರ ತಲೆಗೆ ಕಟ್ಟಿ ಮನೆಗೆ ಹೋಗಿ ಮಲಗುವುದು ಹೇಗೆ? ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ನರೇಂದ್ರ ಅತ್ತ ಹೋದ ಮೇಲೆ, "ಅವರಲ್ಲ ಕಣವ್ವ, ನಾನು," ಎಂದಳು. "ವಾರವಾರ ಅರಿಶಿನ ಕುಂಕುಮ ಇಡ್ತಿದ್ದೆ. ನೀನು ಬೈತೀಯ ಅಂತ ನೆನ್ನೆ ನೀರಾಗೆ ಒರೆಸ್ಬುಟ್ಟೆ. ಇಂಗಾಯ್ತು."

ಲಿಲಿ ಬಗ್ಗಿ ಆ ಕಲೆಯನ್ನು ನೋಡಿದಳು. "ಪಪ್ಪ ಬೇಡ ಅನ್ಲಿಲ್ವಾ?"

"ಒಂದ್ಸಲ ಕೇಳಿದ್ರು, ಯಾರಿಗೆ ಇಡ್ತೀಯಮ್ಮ ಅಂತ. ಒಳಗೆ ಕೂತಿರೋರಿಗೆ ಅಂದೆ. ನಕ್ಕಂಡು, ಇಡು ಅಂದ್ರು."

ಲಿಲಿಯ ಕಣ್ಣು ತುಂಬಿತು. ಅವಳು ಬೈಯಲಿಲ್ಲ. ಅಂಜಿನಮ್ಮನ ಕೈ ಹಿಡಿದು ಪಕ್ಕದ ಬೆಂಚಿನಲ್ಲಿ ಕೂರಿಸಿಕೊಂಡಳು. ಎರಡು ಬೈಗುಳ ಬಿದ್ದಿದ್ದರೆ ಅಂಜಿನಮ್ಮನ ಎದೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

"ನಂಗೆ ಮುತ್ತಾತನ ಮುಖ ಮರ್ತೇಹೋಗಿದೆ ಅಂಜಮ್ಮ," ಎಂದಳು ಲಿಲಿ. "ಅಷ್ಟು ಹತ್ರದಿಂದ ನೋಡಿದೋಳು ನೀನೊಬ್ಬಳೇ. ಹೇಗಿದ್ರು ಹೇಳು. ಗಡ್ಡ ಇತ್ತಾ?"

ಅಂಜಿನಮ್ಮ ಮೇಜಿನ ಮೇಲಿನ ಕಲೆಯನ್ನೇ ನೋಡುತ್ತ ಕುಳಿತಳು. ಇತ್ತು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂತು.

"ನಾನು ಒಳಗೆ ನೋಡೇ ಇರ್ಲಿಲ್ಲ ಕಣವ್ವ," ಎಂದಳು.